ಟೈಪ್‌ರೈಟರ್ ರಿಬ್ಬನ್ ಕೊನೆಗೆ ಹೋಗಿ ನಿಂತುಬಿಡುತ್ತದೆ, ವಾಪಸ್ ತಿರುಗುವುದಿಲ್ಲ. ಯಾರಿಗಾದರೂ ಗೊತ್ತಾ?

ಹನುಮಂತನಗರ_ಹೈದ:

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪ ಕೆಂಪೇಗೌಡ ರಸ್ತೆಯಲ್ಲಿ, ಕಂದಾಯ ಭವನದ ಹತ್ತಿರ ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದರು. ಅಫಿಡವಿಟ್, ಬಾಡಿಗೆ ಕರಾರು, ಖಾತೆ ಅರ್ಜಿ, ಇಂಥವೇ. ಈಗ ಅವರು ಮೈಸೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಮಷಿನ್ ಮಾತ್ರ ನಮ್ಮ ಮನೆಯ ಅಟ್ಟದಲ್ಲಿ ಉಳಿದಿತ್ತು. ಕನ್ನಡ ಕೀಲಿಗಳ ದೊಡ್ಡ ಆಫೀಸ್ ಮಷಿನ್, ಒಬ್ಬನೇ ಎತ್ತಿದರೆ ಸೊಂಟ ಹಿಡಿದುಕೊಳ್ಳುತ್ತದೆ. ಮುಂದಿನ ಹೆಸರಿನ ಪಟ್ಟಿ ಕಿತ್ತುಹೋಗಿದೆ, ಆದ್ದರಿಂದ ಯಾವ ಕಂಪನಿ ಅಂತ ಕೇಳಬೇಡಿ.

ಹಳೆಯ ರಿಬ್ಬನ್ ಒಣಗಿ ಹಪ್ಪಳದ ಹಾಗೆ ಆಗಿತ್ತು. ಅವೆನ್ಯೂ ರಸ್ತೆ ಕಡೆ ಒಂದು ಅಂಗಡಿಯಲ್ಲಿ ಕಪ್ಪು-ಕೆಂಪು ಎರಡೂ ಇರುವ ಹೊಸ ರಿಬ್ಬನ್ ಸಿಕ್ಕಿತು. ಅದರ ಜೊತೆ ಬಂದ ಪ್ಲಾಸ್ಟಿಕ್ ಸ್ಪೂಲ್ ನಮ್ಮ ಮಷಿನ್ನಿಗೆ ಕೂರಲಿಲ್ಲ, ತೂತು ಬೇರೆ ಜಾಗದಲ್ಲಿತ್ತು. ಹಾಗಾಗಿ ಹಳೆಯ ತಗಡಿನ ಸ್ಪೂಲ್‌ಗೇ ಕೈಯಲ್ಲಿ ಸುತ್ತಿ ಹಾಕಿದೆ. ಬೆರಳು ಎರಡು ದಿನ ಕಪ್ಪಗಿತ್ತು, ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದವರು ನೋಡಿದ ನೋಟ ಬೇಡ.

ಈಗ ವಿಷಯ. ಟೈಪ್ ಮಾಡಿದರೆ ಚೆನ್ನಾಗಿ ಬೀಳುತ್ತದೆ. ರಿಬ್ಬನ್ ಬಲಗಡೆ ಸ್ಪೂಲಿನಿಂದ ಎಡಗಡೆಗೆ ನಿಧಾನವಾಗಿ ಓಡುತ್ತದೆ. ಬಲಗಡೆ ಖಾಲಿಯಾದ ಮೇಲೆ ಬಿಗಿಯಾಗಿ ನಿಂತುಬಿಡುತ್ತದೆ. ಅಷ್ಟೇ ಆಗಿದ್ದರೆ ಸರಿ, ಆಗ ಕಾಗದ ಹಿಡಿದು ಪಕ್ಕಕ್ಕೆ ಜರುಗುವ ಕ್ಯಾರೇಜ್ ಕೂಡ ತಡವರಿಸುತ್ತದೆ, ಅಕ್ಷರದ ಮೇಲೆ ಅಕ್ಷರ ಬೀಳುತ್ತದೆ. ಸ್ಪೂಲ್ ಎರಡನ್ನೂ ತೆಗೆದು ಅದಲು ಬದಲು ಮಾಡಿದರೆ ಮತ್ತೆ ಸರಿ. ಎರಡು ಪುಟಕ್ಕೋ ನಾಲ್ಕು ಪುಟಕ್ಕೋ ಒಮ್ಮೆ ಹೀಗೆ ಮಾಡುತ್ತಾ ಕೂರುವುದಕ್ಕಾಗುತ್ತದಾ? ದೊಡ್ಡಪ್ಪನಿಗೆ ಫೋನ್ ಮಾಡಿದರೆ, "ಅದು ತಾನಾಗಿಯೇ ತಿರುಗುತ್ತೆ ಕಣೋ" ಅನ್ನುತ್ತಾರೆ. ತಾನಾಗಿ ಹೇಗೆ ತಿರುಗುತ್ತದೆ ಅಂದರೆ, "ತಿರುಗುತ್ತೆ ಅಂದ್ರೆ ತಿರುಗುತ್ತೆ". ಮೂವತ್ತು ವರ್ಷ ಅದರ ಮುಂದೆ ಕೂತವರು, ಒಂದು ದಿನವೂ ಒಳಗೆ ಇಣುಕಿ ನೋಡಿಲ್ಲ.

ಒಳಗೆ ಅದು ನಡೆಯುವುದು ಹೇಗೆ ಅಂತ ಯಾರಾದರೂ ಬಿಡಿಸಿ ಹೇಳುತ್ತೀರಾ? ರಿಪೇರಿಗಿಂತ ಅದೇ ನನಗೆ ಜಾಸ್ತಿ ಕುತೂಹಲ.

ಸುಮ್ನೆ_ಓದುಗ:

ಗುರೂ, ಇಂದಿರಾನಗರದ ಯಾವುದಾದರೂ ಕೆಫೆಯವರಿಗೆ ಮಾರಿಬಿಡಿ. ಶೋಕೇಸಿಗೆ ಇಡುತ್ತಾರೆ, ರಿಬ್ಬನ್ ತಿರುಗದಿದ್ದರೂ ಅವರಿಗೆ ನಡೆಯುತ್ತದೆ.

ಹನುಮಂತನಗರ_ಹೈದ:

ದೊಡ್ಡಪ್ಪನಿಗೆ ಗೊತ್ತಾದರೆ ನನ್ನನ್ನೇ ಶೋಕೇಸಿಗೆ ಇಡುತ್ತಾರೆ.

ಮಲ್ಲೇಶ್ವರದ_ಟೈಪಿಂಗ್_ಮೇಡಂ:

ನೋಡಿಪ್ಪಾ, ನಾನು ಮಲ್ಲೇಶ್ವರದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಜೂನಿಯರ್, ಸೀನಿಯರ್ ಪರೀಕ್ಷೆ ಎರಡಕ್ಕೂ ಹೇಳಿಕೊಡುತ್ತಿದ್ದೆ. ಬೆಳಗ್ಗೆ ಆರಕ್ಕೆ ಮೊದಲ ಬ್ಯಾಚ್. ರಿಬ್ಬನ್ ಹಾಕಿ ಹಾಕಿ ನನ್ನ ಉಗುರು ಎಂದೂ ಬಿಳಿ ಇರಲಿಲ್ಲ, ನಿಮ್ಮ ಎರಡು ದಿನದ ಕಥೆ ಏನೂ ಅಲ್ಲ.

ಮೊದಲು ಒಂದು ತಿಳಿದುಕೊಳ್ಳಿ. ರಿಬ್ಬನ್ನಿಗೆ ಮೂರು ಕೆಲಸ ಇದೆ: ಮೇಲೇಳುವುದು, ಮುಂದೆ ಹೋಗುವುದು, ಕೊನೆಗೆ ಬಂದಾಗ ತಿರುಗುವುದು. ಮೂರಕ್ಕೂ ಬೇರೆ ಬೇರೆ ಏರ್ಪಾಡು. ನಿಮ್ಮದರಲ್ಲಿ ಮೊದಲ ಎರಡು ಸರಿಯಿದೆ, ಮೂರನೆಯದು ಮಾತ್ರ ಕೈಕೊಟ್ಟಿದೆ.

ಮೇಲೇಳುವುದನ್ನು ನೋಡಿ. ಮಧ್ಯದಲ್ಲಿ, ಅಕ್ಷರ ಬಂದು ಬಡಿಯುವ ಜಾಗದ ಮುಂದೆ, ಎರಡು ಸಣ್ಣ ಕೊಕ್ಕೆ ಇರುವ ಒಂದು ತೆಳು ತಗಡು ಇರುತ್ತದಲ್ಲ, ರಿಬ್ಬನ್ ಅದರ ಸಂದಿನಲ್ಲೇ ಹಾದು ಹೋಗುತ್ತದೆ. ಅದು ರಿಬ್ಬನ್ ವೈಬ್ರೇಟರ್. ಪ್ರತಿ ಕೀಲಿ ಒತ್ತಿದಾಗಲೂ ಅದು ರಿಬ್ಬನ್ನನ್ನು ಎತ್ತಿ ಅಚ್ಚಿಗೂ ಕಾಗದಕ್ಕೂ ಮಧ್ಯೆ ಹಿಡಿದು, ತಕ್ಷಣ ಇಳಿಸಿಬಿಡುತ್ತದೆ. ಯಾಕೆ ಇಳಿಸಬೇಕು? ಅಲ್ಲೇ ನಿಂತರೆ ನೀವು ಈಗ ತಾನೇ ಹೊಡೆದ ಅಕ್ಷರ ನಿಮಗೇ ಕಾಣುವುದಿಲ್ಲ. 1874ರಲ್ಲಿ ರೆಮಿಂಗ್ಟನ್ನಿನವರು ಮಾರಾಟಕ್ಕೆ ತಂದ ಮೊದಲ ಮಷಿನ್ನಿನಲ್ಲಿ ಅಚ್ಚು ಕೆಳಗಿನಿಂದ ಬಂದು ಬಡಿಯುತ್ತಿತ್ತು, ಹೊಡೆದದ್ದನ್ನು ನೋಡಬೇಕಾದರೆ ಕ್ಯಾರೇಜನ್ನೇ ಎತ್ತಬೇಕು. ನಮ್ಮ ಹುಡುಗಿಯರಿಗೆ ಆ ಮಷಿನ್ ಕೊಟ್ಟಿದ್ದರೆ ಅರ್ಧ ಬ್ಯಾಚ್ ಮಾರನೆಯ ದಿನ ಬರುತ್ತಿರಲಿಲ್ಲ.

ಮುಂದೆ ಯಾಕೆ ಹೋಗಬೇಕು ಅಂದರೆ, ಒಂದೇ ಜಾಗದ ಮೇಲೆ ಹೊಡೆಯುತ್ತಿದ್ದರೆ ಮೊದಲು ಇಂಕು ಖಾಲಿ, ಆಮೇಲೆ ಬಟ್ಟೆಯೇ ತೂತು. ಪೂರ್ಣವಿರಾಮ ಇದೆಯಲ್ಲ, ಅದು ಸಣ್ಣಗಿದ್ದರೂ ಮೊದಲು ತೂತು ಮಾಡುವುದು ಅದೇ. ಇನ್ನೊಂದು ವಿಷಯ, ಬಟ್ಟೆಯ ರಿಬ್ಬನ್ ಒಮ್ಮೆ ಓಡಿ ಮುಗಿಯುವ ವಸ್ತುವಲ್ಲ. ಒಂದು ಕಡೆ ಹೋಗಿ ಸುತ್ತಿಕೊಂಡು ಕೂತಿರುವಾಗ ಸುತ್ತಲಿನ ಇಂಕು ನಿಧಾನವಾಗಿ ಒಣಗಿದ ಕಡೆಗೆ ಹರಿದು ಬರುತ್ತದೆ, ನೆಂದ ಬಟ್ಟೆಯ ತುದಿಯಿಂದ ನೀರು ಏರುವ ಹಾಗೆ. ಅದಕ್ಕೇ ಹತ್ತಾರು ಸಲ ಅತ್ತ ಇತ್ತ ಓಡಿದರೂ ಬೀಳುತ್ತದೆ. ಪರೀಕ್ಷೆಗೆ ಮುಂಚೆ ಮಸುಕಾದ ರಿಬ್ಬನ್ನಿಗೆ ಎರಡು ದಿನ ರಜ ಕೊಟ್ಟರೆ ಸ್ವಲ್ಪ ಚೇತರಿಸಿಕೊಳ್ಳುತ್ತಿತ್ತು, ನಾನು ಎಷ್ಟೋ ಸಲ ಮಾಡಿದ್ದೇನೆ.

ತಿರುಗುವ ವಿಷಯಕ್ಕೆ ಬರುತ್ತೇನೆ. ನಿಮ್ಮ ಹೊಸ ರಿಬ್ಬನ್ನಿನ ಎರಡೂ ತುದಿಯ ಹತ್ತಿರ ಒಂದೊಂದು ಹಿತ್ತಾಳೆ ಉಂಗುರ ಇದೆಯಾ? ಶೂ ಲೇಸ್ ತೂತಿಗೆ ಹಾಕಿರುತ್ತಾರಲ್ಲ, ಅಂಥದ್ದು. ಐಲೆಟ್ ಅನ್ನುತ್ತೇವೆ. ಅದನ್ನು ನೋಡಿ ಹೇಳಿ.

ಪೀಣ್ಯದ_ಫಿಟ್ಟರ್:

ಮೇಡಂ ಐಲೆಟ್ ಅಂದರು, ನನ್ನ ಅನುಮಾನವೂ ಅದೇ. ಆದರೆ ಅವರು ಕೇಳಿದ್ದು ಒಳಗೆ ಹೇಗೆ ಅಂತ ಅಲ್ವಾ, ನಾನು ಸ್ವಲ್ಪ ಕಬ್ಬಿಣದ ಕಡೆಯಿಂದ ಹೇಳುತ್ತೇನೆ. ಟೂಲ್‌ರೂಮಿನಲ್ಲಿ ಇಪ್ಪತ್ತೆರಡು ವರ್ಷ, ಟೈಪ್‌ರೈಟರ್ ಮೂರು ಬಿಚ್ಚಿದ್ದೇನೆ, ಎರಡನ್ನು ವಾಪಸ್ ಜೋಡಿಸಿದ್ದೇನೆ.

ಸ್ಪೂಲಿನ ಕೆಳಗೆ ಒಂದು ಹಲ್ಲಿನ ಚಕ್ರ. ಅದರ ಪಕ್ಕ ಸ್ಪ್ರಿಂಗ್ ಇರುವ ಸಣ್ಣ ಕೊಕ್ಕೆ. ಕೊಕ್ಕೆ ಮುಂದೆ ಬಂದಾಗ ಒಂದು ಹಲ್ಲು ತಳ್ಳುತ್ತದೆ, ಹಿಂದೆ ಹೋಗುವಾಗ ಹಲ್ಲಿನ ಬೆನ್ನಿನ ಮೇಲೆ ಜಾರಿಕೊಂಡು ಹೋಗುತ್ತದೆ. ಸೈಕಲ್ ಪೆಡಲನ್ನು ಹಿಂದಕ್ಕೆ ತಿರುಗಿಸಿದಾಗ ಹಿಂದಿನ ಚಕ್ರದಲ್ಲಿ ಕಟ ಕಟ ಅನ್ನುತ್ತದಲ್ಲ, ಆ ಫ್ರೀವೀಲ್ ಬುದ್ಧಿಯೇ ಇದು. ಎಡಕ್ಕೊಂದು ಬಲಕ್ಕೊಂದು ಚಕ್ರ ಇರುತ್ತದೆ, ಆದರೆ ಒಂದು ಹೊತ್ತಿಗೆ ಒಂದಕ್ಕೆ ಮಾತ್ರ ಶಕ್ತಿ. ಇನ್ನೊಂದು ಸುಮ್ನೆ ಬಿಟ್ಟುಕೊಡುತ್ತಾ ಇರುತ್ತದೆ. ಪೂರ್ತಿ ಸಡಿಲ ಬಿಟ್ಟರೆ ರಿಬ್ಬನ್ ಜೋತುಬೀಳುತ್ತದೆ ಅಂತ ಅದಕ್ಕೊಂದು ಸಣ್ಣ ಬ್ರೇಕ್ ಪಟ್ಟಿ ಇರುತ್ತದೆ, ಹಗುರವಾಗಿ ಉಜ್ಜುವಷ್ಟು.

ಶಕ್ತಿ ಎಲ್ಲಿಂದ ಬರುತ್ತದೆ ಅನ್ನುವುದರಲ್ಲಿ ಎರಡು ಜಾತಿ. ಒಂದು ಜಾತಿಯಲ್ಲಿ ನಿಮ್ಮ ಬೆರಳೇ ಶಕ್ತಿ. ಎಲ್ಲ ಕೀಲಿಗಳ ಅಡಿಯಲ್ಲಿ ಅಡ್ಡಕ್ಕೆ ಒಂದು ಪಟ್ಟಿ ಇರುತ್ತದೆ, ಯಾವ ಕೀಲಿ ಒತ್ತಿದರೂ ಅದು ಅಲುಗುತ್ತದೆ, ಅದರಿಂದ ಕೊಕ್ಕೆ. ಸಣ್ಣ ಪೋರ್ಟಬಲ್‌ಗಳಲ್ಲಿ ಇದೇ ಜಾಸ್ತಿ. ಇನ್ನೊಂದು ಜಾತಿಯಲ್ಲಿ ಕ್ಯಾರೇಜ್ ಎಳೆಯುವ ಸ್ಪ್ರಿಂಗ್ ಡ್ರಮ್ಮಿನಿಂದಲೇ ಗೇರ್ ಹಾಕಿ ಶಕ್ತಿ ತೆಗೆದುಕೊಳ್ಳುತ್ತಾರೆ. ಸಾಲು ಮುಗಿದಾಗ ನೀವು ಕ್ಯಾರೇಜನ್ನು ತಳ್ಳುತ್ತೀರಲ್ಲ, ಆಗ ತುಂಬಿದ ಸ್ಪ್ರಿಂಗೇ ಮುಂದಿನ ಸಾಲು ಪೂರ್ತಿ ಕ್ಯಾರೇಜನ್ನೂ ಎಳೆಯುತ್ತದೆ, ರಿಬ್ಬನ್ನನ್ನೂ ಸುತ್ತುತ್ತದೆ. ಹಳೆಯ ಅಂಡರ್‌ವುಡ್ 5 ಅನ್ನುವ ಮಷಿನ್ನಿನಲ್ಲಿ ಹೀಗೇ.

ನಿಮ್ಮದು ಎರಡನೇ ಜಾತಿ ಅಂತ ನನ್ನ ಲೆಕ್ಕ. ಯಾಕೆ ಅಂದರೆ ನೀವೇ ಹೇಳಿದಿರಿ, ರಿಬ್ಬನ್ ಬಿಗಿದಾಗ ಕ್ಯಾರೇಜ್ ತಡವರಿಸುತ್ತದೆ ಅಂತ. ಇಬ್ಬರಿಗೂ ಒಂದೇ ಸ್ಪ್ರಿಂಗ್, ಒಬ್ಬ ಸಿಕ್ಕಿಕೊಂಡರೆ ಇನ್ನೊಬ್ಬನೂ ನಿಲ್ಲುತ್ತಾನೆ. ಮೊದಲ ಜಾತಿಯದಾಗಿದ್ದರೆ ಕೀಲಿ ಭಾರ ಆಗುತ್ತಿತ್ತು, ಕ್ಯಾರೇಜಿಗೆ ಅಷ್ಟು ತೊಂದರೆ ಇರುತ್ತಿರಲಿಲ್ಲ. ಪರೀಕ್ಷೆ ಮಾಡಬೇಕಾ? ಸ್ಪೇಸ್ ಬಾರ್ ಮಾತ್ರ ಹತ್ತು ಸಲ ಒತ್ತಿ ಸ್ಪೂಲ್ ನೋಡಿ. ಯಾವ ಅಕ್ಷರವನ್ನೂ ಹೊಡೆಯದೆ ಸ್ಪೂಲ್ ತಿರುಗಿದರೆ ಹೆಚ್ಚಾಗಿ ಕ್ಯಾರೇಜ್ ಕಡೆಯದ್ದೇ.

ಇನ್ನು ತಿರುಗುವುದು. ಸ್ಪೂಲಿನಿಂದ ರಿಬ್ಬನ್ ಹೊರಗೆ ಬಂದ ತಕ್ಷಣ ಒಂದು ಕವಲುಕಡ್ಡಿಯ ಸಂದಿನಲ್ಲಿ ಹಾದು ಹೋಗುತ್ತದೆ, ಎರಡೂ ಕಡೆ ಇದೆ ನೋಡಿ. ಬಟ್ಟೆ ಆ ಸಂದಿನಲ್ಲಿ ಸಲೀಸಾಗಿ ಜಾರುತ್ತದೆ, ಐಲೆಟ್ ಮಾತ್ರ ದಪ್ಪ, ಸಿಕ್ಕಿಕೊಳ್ಳುತ್ತದೆ. ಆ ಕಡೆ ಸ್ಪೂಲ್ ಇನ್ನೂ ಎಳೆಯುತ್ತಾ ಇರುವುದರಿಂದ ಐಲೆಟ್ ಕವಲನ್ನು ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ. ಕವಲು ಒಂದು ಸನ್ನೆಗೆ, ಅಂದರೆ ಲಿವರಿಗೆ ಸೇರಿದೆ, ಆ ಸನ್ನೆ ಚಕ್ರಗಳಿಗೆ ಶಕ್ತಿ ಒಯ್ಯುವ ಅಡ್ಡ ಶಾಫ್ಟನ್ನು ಟಕ್ ಅಂತ ಪಕ್ಕಕ್ಕೆ ಸರಿಸುತ್ತದೆ. ಎಡ ಚಕ್ರ ಬಿಟ್ಟಿತು, ಬಲ ಚಕ್ರ ಹಿಡಿಯಿತು, ರಿಬ್ಬನ್ ವಾಪಸ್ ಹೊರಟಿತು. ಅಂದರೆ ತನ್ನನ್ನು ತಿರುಗಿಸು ಅಂತ ಹೇಳುವುದು ರಿಬ್ಬನ್ನೇ, ತನ್ನ ಬಿಗಿತದಿಂದಲೇ. ಬೇರೆ ಯಾವ ಲೆಕ್ಕವನ್ನೂ ಮಷಿನ್ ಇಟ್ಟುಕೊಂಡಿಲ್ಲ. ಎಲ್ಲ ಮಷಿನ್ನೂ ಹೀಗೆ ಅಲ್ಲ, ಕೆಲವದರಲ್ಲಿ ಸ್ಪೂಲಿನ ಸುತ್ತಿನ ಮೇಲೆ ಒಂದು ಕಡ್ಡಿ ಒರಗಿರುತ್ತದೆ, ರಿಬ್ಬನ್ ಕರಗುತ್ತಾ ಬಂದ ಹಾಗೆ ಒಳಗೆ ಬೀಳುತ್ತದೆ, ಪೂರ್ತಿ ಬಿದ್ದಾಗ ತಿರುಗಿಸುತ್ತದೆ. ಅಂಥದ್ದಕ್ಕೆ ಐಲೆಟ್ ಬೇಕಿಲ್ಲ.

ಒಂದು ಮಜಾ ವಿಷಯ, ಇದಕ್ಕೆ ಸಂಬಂಧ ಇಲ್ಲ, ಆದರೂ ಹೇಳುತ್ತೇನೆ. ಆಡಿಯೊ ಕ್ಯಾಸೆಟ್ ಹಾಕಿದಾಗ ಟೇಪನ್ನು ಎಳೆಯುವುದು ಪ್ಲೇಯರಿನ ಒಂದು ಸಣ್ಣ ಉರುಳೆ, ಅದಕ್ಕೇ ಟೇಪಿನ ವೇಗ ಯಾವಾಗಲೂ ಒಂದೇ. ಟೈಪ್‌ರೈಟರಿನಲ್ಲಿ ಎಳೆಯುವುದು ಸ್ಪೂಲೇ. ಒಂದು ಹೊಡೆತಕ್ಕೆ ಸ್ಪೂಲ್ ತಿರುಗುವುದು ಇಷ್ಟೇ ಅಂತ ಗೊತ್ತು, ಆದರೆ ಸ್ಪೂಲ್ ದಪ್ಪ ಆದ ಹಾಗೆ ಅಷ್ಟೇ ತಿರುವಿಗೆ ಜಾಸ್ತಿ ಬಟ್ಟೆ ಬರುತ್ತದೆ. ಉದಾಹರಣೆಗೆ 40 ಹಲ್ಲಿನ ಚಕ್ರ, ಹೊಡೆತಕ್ಕೊಂದು ಹಲ್ಲು ಅಂತ ಇಟ್ಟುಕೊಳ್ಳಿ. ಸ್ಪೂಲಿನ ಒಳಗಿನ ಬುಡ 2 ಸೆಂಟಿಮೀಟರ್ ಅಡ್ಡಳತೆ ಇದ್ದರೆ ಒಂದು ಹೊಡೆತಕ್ಕೆ ಸುಮಾರು 1.6 ಮಿಲಿಮೀಟರ್. ತುಂಬಿ 5 ಸೆಂಟಿಮೀಟರ್ ಆದಾಗ 3.9 ಮಿಲಿಮೀಟರ್. ಅಂದರೆ ಸ್ಪೂಲ್ ತುಂಬುತ್ತಾ ಬಂದ ಹಾಗೆ ರಿಬ್ಬನ್ ಅವಸರ ಮಾಡುತ್ತದೆ. ಗಾಳಿಪಟದ ದಾರ ಸುತ್ತಿದವರಿಗೆ ಇದು ಗೊತ್ತು.

ಮಲ್ಲೇಶ್ವರದ_ಟೈಪಿಂಗ್_ಮೇಡಂ:

ಫಿಟ್ಟರ್ ಅವರೇ, ಚೆನ್ನಾಗಿ ಹೇಳಿದಿರಿ. ನೀವು ಹೇಳಿದ ಎರಡನೇ ಜಾತಿಗೆ ಕನ್ನಡದಲ್ಲಿ ಒಂದು ಸಣ್ಣ ತಮಾಷೆ ಇದೆ. ಕನ್ನಡ ಮಷಿನ್ನಿನಲ್ಲಿ ಒತ್ತಕ್ಷರದ ಕೀಲಿ ಒತ್ತಿದರೆ ಅಚ್ಚು ಬೀಳುತ್ತದೆ, ಕ್ಯಾರೇಜ್ ಮಾತ್ರ ಜರುಗುವುದಿಲ್ಲ. ಜರುಗಿದರೆ ಒತ್ತು ಅಕ್ಷರದ ಕೆಳಗೆ ಹೇಗೆ ಕೂರುತ್ತದೆ? ಕನ್ನಡದ ಇಷ್ಟೊಂದು ಒತ್ತು, ಕೊಂಬು, ದೀರ್ಘಗಳನ್ನು ಇಂಗ್ಲಿಷಿನ ಅಷ್ಟೇ ಕೀಲಿಗಳಲ್ಲಿ ಕೂರಿಸಿದ ಅನಂತ ಸುಬ್ಬರಾಯರ ತಲೆಗೆ ನಾನು ಈಗಲೂ ಕೈಮುಗಿಯುತ್ತೇನೆ. ಕ್ಯಾರೇಜ್ ಜರುಗದಿದ್ದರೆ ಅದರಿಂದಲೇ ನಡೆಯುವ ರಿಬ್ಬನ್ನೂ ಜರುಗುವುದಿಲ್ಲ. ಅಕ್ಷರಕ್ಕೂ ಒತ್ತಿಗೂ ರಿಬ್ಬನ್ನಿನ ಅದೇ ತುಂಡು.

ಹನುಮಂತನಗರ_ಹೈದ:

ಅಬ್ಬಾ, ಒಂದೇ ದಿನಕ್ಕೆ ಇಷ್ಟು! ಇಬ್ಬರಿಗೂ ಥ್ಯಾಂಕ್ಸ್.

ನೋಡಿದೆ. ಮೊದಲನೆಯದು, ಸ್ಪೇಸ್ ಬಾರ್ ಒತ್ತಿದರೆ ಸ್ಪೂಲ್ ತಿರುಗುತ್ತದೆ. ಫಿಟ್ಟರ್ ಸರ್ ಲೆಕ್ಕ ಸರಿ. ಎರಡನೆಯದು, ಹೊಸ ರಿಬ್ಬನ್ನಿನಲ್ಲಿ ಐಲೆಟ್ ಇಲ್ಲವೇ ಇಲ್ಲ, ಎರಡೂ ತುದಿ ಸುಮ್ನೆ ಕತ್ತರಿಸಿ ಬಿಟ್ಟಿದ್ದಾರೆ. ಮೂರನೆಯದು, ಕವಲನ್ನು ಬೆರಳಿನಲ್ಲಿ ತಳ್ಳಿ ನೋಡಿದರೆ ಅಲುಗುವುದೇ ಇಲ್ಲ. ಜೋರಾಗಿ ತಳ್ಳಲು ಭಯ. ಅದರ ಬುಡದಲ್ಲಿ ಕಂದು ಬಣ್ಣದ ಅಂಟು, ಬೆಲ್ಲದ ಪಾಕದ ಥರ.

ಇನ್ನೊಂದು ಹೊಸ ಸಮಸ್ಯೆ ಕಣ್ಣಿಗೆ ಬಿತ್ತು. ಅಕ್ಷರ ಕಪ್ಪಾಗಿ ಬೀಳುತ್ತದೆ, ಒತ್ತು ಮಾತ್ರ ಕೆಂಪಾಗಿ ಬೀಳುತ್ತಿದೆ! "ಅಪ್ಪ" ಅಂತ ಹೊಡೆದರೆ ಮೇಲೆ ಕಪ್ಪು, ಕೆಳಗೆ ಕೆಂಪು. ಮದುವೆ ಕಾಗದದ ಹಾಗೆ ಕಾಣುತ್ತದೆ. ಬಣ್ಣದ ಸನ್ನೆ ಕಪ್ಪಿನ ಮೇಲೇ ಇದೆ.

ಪೀಣ್ಯದ_ಫಿಟ್ಟರ್:

ಅಂಟು ಅಂದರೆ ಯಾರೋ ಎಂದೋ ಎಣ್ಣೆ ಬಿಟ್ಟಿದ್ದಾರೆ. ಕೊಬ್ಬರಿ ಎಣ್ಣೆ ಅಂತ ನನ್ನ ಅನುಮಾನ, ನಮ್ಮ ಜನ ಬಾಗಿಲ ಕೀಲಿನಿಂದ ಹಿಡಿದು ಫ್ಯಾನಿನವರೆಗೆ ಅದನ್ನೇ ಬಿಡುತ್ತಾರೆ. ಅದು ಒಣಗಿ ಧೂಳು, ರಿಬ್ಬನ್ನಿನ ಎಳೆ ಎಲ್ಲ ಸೇರಿ ಗೋಂದು ಆಗುತ್ತದೆ. ಜೋರು ಮಾಡಬೇಡಿ. ರಿಬ್ಬನ್ ತೆಗೆದು ಪಕ್ಕಕ್ಕಿಡಿ. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಸ್ವಲ್ಪ ಸೀಮೆಎಣ್ಣೆ ಅಥವಾ ಥಿನ್ನರ್ ಅದ್ದಿ ಕವಲಿನ ಬುಡ, ಕೊಕ್ಕೆ, ಹಲ್ಲಿನ ಚಕ್ರ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಮತ್ತೆ ಉಜ್ಜಿ. ಥಿನ್ನರ್ ಆದರೆ ಬಣ್ಣಕ್ಕೂ ಪ್ಲಾಸ್ಟಿಕ್ಕಿಗೂ ತಾಗಿಸಬೇಡಿ, ಕಿಟಕಿ ತೆಗೆದಿಡಿ, ಒಲೆ ಹತ್ತಿರ ಬೇಡ. ಬಿಟ್ಟುಕೊಂಡ ಮೇಲೆ ಹೊಲಿಗೆ ಮಷಿನ್ ಎಣ್ಣೆ ಸೂಜಿ ತುದಿಯಲ್ಲಿ ಒಂದು ತೊಟ್ಟು, ತಿರುಗುವ ಜಾಗಕ್ಕೆ ಮಾತ್ರ. ಅಕ್ಷರದ ಕಡ್ಡಿಗಳು ಸಾಲಾಗಿ ಕೂರುವ ಅರ್ಧಚಂದ್ರದ ಸಂದುಗಳಿಗೆ ಎಣ್ಣೆ ಹಾಕಲೇಬೇಡಿ, ಆರು ತಿಂಗಳಿಗೆ ಅಲ್ಲೂ ಇದೇ ಪಾಕ ಆಗುತ್ತದೆ.

ಸ್ಪೂಲ್ ಕಳೆದುಕೊಳ್ಳಬೇಡಿ, ಬಿಡಿಭಾಗ ಸಿಗುವುದು ಕಷ್ಟ. 1955ರಲ್ಲಿ ದೇಶದಲ್ಲೇ ಟೈಪ್‌ರೈಟರ್ ಮಾಡಲು ಶುರು ಮಾಡಿದ ಗೋದ್ರೆಜ್‌ನವರೂ 2009ರಲ್ಲಿ ನಿಲ್ಲಿಸಿದರು. ಈಗ ಹಳೆಯ ಮಷಿನ್ ಬಿಚ್ಚಿ ಹಾಕಿದವರ ಹತ್ತಿರವೇ ಹುಡುಕಬೇಕು.

ಮಲ್ಲೇಶ್ವರದ_ಟೈಪಿಂಗ್_ಮೇಡಂ:

ಒತ್ತು ಕೆಂಪಾಗುವುದು ಓದಿ ಜೋರಾಗಿ ನಕ್ಕೆ. ನಮ್ಮಲ್ಲಿ ಹೊಸ ಹುಡುಗರು ರಿಬ್ಬನ್ ಹಾಕಿದ ದಿನ ಗ್ಯಾರಂಟಿ ಇದೇ ಆಗುತ್ತಿತ್ತು.

ರಿಬ್ಬನ್ ಅರ್ಧ ಇಂಚು ಅಗಲ. ಮೇಲಿನ ಅರ್ಧ ಕಪ್ಪು, ಕೆಳಗಿನ ಅರ್ಧ ಕೆಂಪು. ಅಂದರೆ ಒಂದೊಂದಕ್ಕೆ ಸಿಗುವುದು ಕಾಲು ಇಂಚು. ಸನ್ನೆ ಕಪ್ಪಿನಲ್ಲಿದ್ದರೆ ವೈಬ್ರೇಟರ್ ಸ್ವಲ್ಪ ಮಾತ್ರ ಏಳುತ್ತದೆ, ಮೇಲಿನ ಅರ್ಧ ಅಚ್ಚಿನ ಎದುರಿಗೆ ಬರುತ್ತದೆ. ಕೆಂಪಿನಲ್ಲಿದ್ದರೆ ಜಾಸ್ತಿ ಏಳುತ್ತದೆ, ಕೆಳಗಿನ ಅರ್ಧ ಬರುತ್ತದೆ. ಮಧ್ಯದಲ್ಲಿ ಬಿಳಿ ಚುಕ್ಕೆ ಇದ್ದರೆ ಅದು ಸ್ಟೆನ್ಸಿಲಿಗೆ, ಆಗ ರಿಬ್ಬನ್ ಏಳುವುದೇ ಇಲ್ಲ, ಅಚ್ಚು ನೇರ ಮೇಣದ ಹಾಳೆಯನ್ನು ಕೊರೆಯುತ್ತದೆ. ಆ ಹಾಳೆಯಿಂದ ಪ್ರತಿ ತೆಗೆದ, ಅಂದರೆ ಸೈಕ್ಲೋಸ್ಟೈಲ್ ಮಾಡಿದ ಪ್ರಶ್ನೆಪತ್ರಿಕೆಗಳೆಲ್ಲ ಹಾಗೆ ಬಂದವು. ಸನ್ನೆ ಅಲ್ಲಿದೆ ಅಂತ ಗೊತ್ತಾಗದೆ ರಿಬ್ಬನ್ ಹಾಳಾಗಿದೆ ಅಂತ ಎಸೆದವರನ್ನೂ ಕಂಡಿದ್ದೇನೆ.

ಇಂಗ್ಲಿಷ್ ಅಕ್ಷರ ಆ ಕಾಲು ಇಂಚಿನಲ್ಲಿ ಆರಾಮಾಗಿ ಮುಗಿಯುತ್ತದೆ. ನಮ್ಮದು ಕೆಳಗೆ ಒತ್ತು ಇಳಿಬಿಟ್ಟುಕೊಂಡಿರುತ್ತದೆ. ರಿಬ್ಬನ್ ಬೇಕಾದ್ದಕ್ಕಿಂತ ಒಂದು ಕೂದಲೆಳೆ ಮೇಲಿದ್ದರೂ ಮೊದಲು ಕೆಂಪು ಗಡಿ ದಾಟುವುದು ಒತ್ತೇ. ತಗ್ಗಿನಲ್ಲಿದ್ದರೆ ಉಲ್ಟಾ, ತಲೆಕಟ್ಟು ಮಾಯ ಆಗುತ್ತದೆ.

ನಿಮ್ಮ ರಿಬ್ಬನ್ ವೈಬ್ರೇಟರಿನ ಕೆಳಗಿನ ಕೊಕ್ಕೆಯ ಒಳಗೆ ಕೂತಿಲ್ಲ, ಅದರ ಮೇಲೆ ಹತ್ತಿ ಕೂತಿದೆ ಅಂತ ನನ್ನ ಊಹೆ. ಸನ್ನೆಯನ್ನು ಕೆಂಪಿಗೆ ಇಟ್ಟು ಒಂದು ಕೀಲಿ ಅರ್ಧ ಒತ್ತಿ ಹಿಡಿದರೆ ವೈಬ್ರೇಟರ್ ಎದ್ದು ನಿಲ್ಲುತ್ತದೆ, ಆಗ ಎರಡೂ ಕೊಕ್ಕೆಯ ಹಿಂದೆ ರಿಬ್ಬನ್ ಸೇರಿಸುವುದು ಸುಲಭ. ಮುಂದಿನ ಸಲ ಪೂರ್ತಿ ಕಪ್ಪು ರಿಬ್ಬನ್ ತನ್ನಿ. ಕನ್ನಡಕ್ಕೆ ಅದೇ ಕ್ಷೇಮ. ಜೊತೆಗೆ ಮೇಲರ್ಧ ಸವೆದ ಮೇಲೆ ಸ್ಪೂಲ್‌ಗಳನ್ನು ತಲೆಕೆಳಗು ಮಾಡಿ ಹಾಕಿದರೆ ಕೆಳಗಿನ ಅರ್ಧ ಹೊಸದಾಗಿ ಸಿಗುತ್ತದೆ, ಒಂದು ದುಡ್ಡಿಗೆ ಎರಡು ರಿಬ್ಬನ್.

ಐಲೆಟ್ ಇಲ್ಲದಿದ್ದಕ್ಕೆ ಚಿಂತೆ ಬೇಡ. ತುದಿಯಿಂದ ಒಂದು ಗೇಣು ಒಳಗೆ ಒಂದು ಗಂಟು ಹಾಕಿ. ಗಂಟು ಕವಲಿಗೆ ಬಂದು ಸಿಕ್ಕಿದಾಗ ಸ್ಪೂಲಿನಲ್ಲಿ ಇನ್ನೂ ಒಂದೆರಡು ಸುತ್ತು ಉಳಿದಿರಬೇಕು, ಅದೇ ಅಳತೆ. ಎರಡೂ ತುದಿಗೆ. ಗಂಟು ಬಿಗಿಯಾಗಿ, ಚಿಕ್ಕದಾಗಿ ಇರಲಿ, ಸಡಿಲ ಇದ್ದರೆ ಚಪ್ಪಟೆಯಾಗಿ ಕವಲಿನ ಸಂದಿನಲ್ಲಿ ನುಸುಳಿಬಿಡುತ್ತದೆ.

ಸುಮ್ನೆ_ಓದುಗ:

ಕೆಫೆ ಐಡಿಯಾ ವಾಪಸ್ ತಗೊಂಡೆ. ಒಂದು ಡೌಟು, ರಿಬ್ಬನ್ ಒಣಗಿದರೆ ಸ್ಟಾಂಪ್ ಪ್ಯಾಡ್ ಇಂಕ್ ಹಾಕಬಹುದಾ?

ಮಲ್ಲೇಶ್ವರದ_ಟೈಪಿಂಗ್_ಮೇಡಂ:

ನೀರಿನ ಇಂಕು ಬೇಡಪ್ಪಾ. ಬೇಗ ಒಣಗುತ್ತದೆ, ಅಚ್ಚಿಗೆ ತುಕ್ಕು ಹಿಡಿಸುತ್ತದೆ. ರಿಬ್ಬನ್ನಿನದು ಎಣ್ಣೆ ಇಂಕು, ಅದಕ್ಕೇ ವರ್ಷಗಟ್ಟಲೆ ಹಸಿಯಾಗಿ ಉಳಿಯುವುದು.

ಹನುಮಂತನಗರ_ಹೈದ:

ಭಾನುವಾರ ಇಡೀ ಇದೇ ಕೆಲಸ. ಸೀಮೆಎಣ್ಣೆ ಸಿಗಲಿಲ್ಲ, ಥಿನ್ನರಿನಲ್ಲೇ ಉಜ್ಜಿದೆ. ಮೂರನೇ ಸಲಕ್ಕೆ ಕವಲು ಬಿಟ್ಟುಕೊಂಡಿತು. ಬೆರಳಿನಲ್ಲಿ ತಳ್ಳಿದರೆ ಈಗ ಕೆಳಗೆ ಶಾಫ್ಟ್ ಸರಿಯುವುದು ಕಣ್ಣಿಗೆ ಕಾಣುತ್ತದೆ, ಟಕ್ ಅನ್ನುವ ಶಬ್ದವೂ ಬರುತ್ತದೆ. ರಿಬ್ಬನ್ ಮೇಡಂ ಹೇಳಿದ ಹಾಗೇ ಕೆಳಗಿನ ಕೊಕ್ಕೆಯ ಹೊರಗಿತ್ತು. ಒಳಗೆ ಸೇರಿಸಿದ ಮೇಲೆ ಒತ್ತೆಲ್ಲ ಕಪ್ಪಾಯಿತು. "ಜ್ಞ" ಮಾತ್ರ ಬುಡದಲ್ಲಿ ಸ್ವಲ್ಪ ಕೆಂಪು, ಅದನ್ನು ಸಹಿಸಿಕೊಳ್ಳುತ್ತೇನೆ.

ಎರಡೂ ತುದಿಗೆ ಗಂಟು ಹಾಕಿದೆ. ರಿಬ್ಬನ್ ಕೊನೆಗೆ ಬರುವವರೆಗೆ ಹೊಡೆಯಲು ಏನೂ ತೋಚದೆ ಬಸ್ ನಂಬರ್, ಅಂಗಡಿ ಬೋರ್ಡ್, ವಾರದ ಹೆಸರು ಎಲ್ಲ ಹೊಡೆದೆ. ಗಂಟು ಕವಲಿಗೆ ಬಂತು, ರಿಬ್ಬನ್ ಬಿಗಿಯಿತು, ಕ್ಯಾರೇಜ್ ಒಂದು ಕ್ಷಣ ಯೋಚನೆ ಮಾಡಿತು, ಟಕ್. ಬಲಗಡೆ ಸ್ಪೂಲ್ ತಿರುಗಲು ಶುರು. ಮನೆಯವರನ್ನೆಲ್ಲ ಕರೆದು ತೋರಿಸಿದೆ. ಯಾರಿಗೂ ಏನೂ ಅನ್ನಿಸಲಿಲ್ಲ.

ರಾತ್ರಿ ಒಣಗಿದ ಹಳೆಯ ರಿಬ್ಬನ್ ಬಿಸಾಡಲು ಹೋದೆ. ಸುಮ್ನೆ ಬಿಡಿಸಿ ನೋಡಿದರೆ ಅದರ ಎರಡೂ ತುದಿಯಲ್ಲಿ, ಸರಿಯಾಗಿ ಒಂದು ಗೇಣು ಒಳಗೆ, ಕಲ್ಲಿನಂಥ ಎರಡು ಗಂಟು! ದೊಡ್ಡಪ್ಪನಿಗೆ ಫೋನ್ ಮಾಡಿದೆ.

"ಓ, ಗಂಟಾ? ಅದು ಹಾಕಲೇಬೇಕಲ್ಲೋ. ಹಾಕದೆ ಹೇಗೆ ತಿರುಗುತ್ತೆ?" ಅಂದರು.